ಚೀಟಿಯಲ್ಲಿದ್ದದ್ದು ಎರಡೇ ಮಾತು

ಗೂಡ್ಸ್ ಗಾಡಿ, ಆಟೊ, ಟೆಂಪೊ ಇಟ್ಟುಕೊಂಡವರಿಗೆ ಎಫ್‌ಸಿ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ರಸ್ತೆಯಲ್ಲಿ ಓಡಲು ಯೋಗ್ಯವಾಗಿದೆ ಎಂದು ಪರೀಕ್ಷೆ ಮಾಡಿ ಕೊಡುವ ಪತ್ರ ಅದು. ಎಂಟು ವರ್ಷ ದಾಟಿದ ಗಾಡಿಗೆ ವರ್ಷ ವರ್ಷ ಬೇಕು. ಪಾಸಾದರೆ ಸರಿ. ಆಗದಿದ್ದರೆ ನಾವೇನು ಮಾಡುತ್ತೇವೆ? ಅವರು ಕೊಟ್ಟ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ನೇರ ಗ್ಯಾರೇಜಿಗೆ ಹೋಗುತ್ತೇವೆ. ಚೀಟಿ ಓದುವವನು ಮೆಕ್ಯಾನಿಕ್. ಏನು ಮಾಡಿಸಬೇಕು ಎಂದು ಹೇಳುವವನೂ ಅವನೇ. ನಮ್ಮ ಬೆಳೆಗಾರರ ಸಂಘದ ಶೈಲಾ ಕೂಡ ಹಾಗೇ ಮಾಡುತ್ತಿದ್ದಳು, ಹೋದ ಬೇಸಿಗೆಯವರೆಗೆ.

ಶೈಲಾ ಮತ್ತು ಅವಳ ಗಂಡ ಸದಾಶಿವ ಬನವಾಸಿ ಹತ್ತಿರ ಎರಡು ಎಕರೆಯಲ್ಲಿ ಅನಾನಸ್ ಬೆಳೆಯುತ್ತಾರೆ. ಹಣ್ಣು ಸಾಗಿಸಲು ನಾಲ್ಕು ಚಕ್ರದ ಸಣ್ಣ ಗೂಡ್ಸ್ ಗಾಡಿ ಕೊಂಡಾಗ ಅದನ್ನು ಓಡಿಸಬೇಕಾಗಿದ್ದವನು ಸದಾಶಿವ. ಕಲಿಯಲು ಹೋಗಿ ಮೂರನೇ ದಿನ ಪಕ್ಕದವರ ಬೇಲಿಯೊಳಗೆ ನುಗ್ಗಿಸಿದ. ಆಮೇಲೆ ಅವನು ಸ್ಟೇರಿಂಗ್ ಮುಟ್ಟಲಿಲ್ಲ. ಶೈಲಾ ಕಲಿತಳು, ಲೈಸೆನ್ಸ್ ಮಾಡಿಸಿದಳು. ಈಗ ಹಂಗಾಮಿನಲ್ಲಿ ವಾರಕ್ಕೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹಣ್ಣು ಮುಟ್ಟಿಸುತ್ತಾಳೆ. ಘಟ್ಟದ ಒಂದೊಂದು ತಿರುವೂ ಅವಳಿಗೆ ಗೊತ್ತು.

ಹೋದ ಬೇಸಿಗೆಯಲ್ಲಿ ಎಫ್‌ಸಿಗೆ ಹೋದಾಗ ಗಾಡಿ ಪಾಸಾಗಲಿಲ್ಲ. ಪರೀಕ್ಷೆ ಮಾಡಿದವರು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಗೀಚಿ ಕೊಟ್ಟು, ಸರಿ ಮಾಡಿಸಿಕೊಂಡು ಬನ್ನಿ ಅಂದರು. ಹಿಂದೆ ಇನ್ನೂ ಗಾಡಿಗಳ ಸಾಲು ನಿಂತಿತ್ತು. ಏನು ಬರೆದಿದ್ದಾರೆ ಎಂದು ಕೇಳಲು ಶೈಲಾಗೆ ಸಂಕೋಚವಾಯಿತು. ಹಳೇ ಎಫ್‌ಸಿಯ ಅವಧಿ ಮುಗಿಯಲು ಇನ್ನೂ ಹತ್ತು ದಿನ ಇತ್ತು.

ಅಲ್ಲಿಂದ ಸೀದಾ ಶಿರಸಿಯಲ್ಲಿರುವ ಉದಯನ ಗ್ಯಾರೇಜಿಗೆ ಹೋದಳು. ಆರು ವರ್ಷದಿಂದ ಗಾಡಿ ನೋಡುತ್ತಿರುವವನು ಅವನೇ. ಚೀಟಿ ನೋಡಿದ, ಒಂದು ಸುತ್ತು ಹಾಕಿದ, ಬಗ್ಗಿ ಕೆಳಗೆ ಇಣುಕಿದ. ಸ್ಟೇರಿಂಗ್ ಬಾಕ್ಸ್ ಹೋಗಿದೆ, ಕ್ಲಚ್ ಪ್ಲೇಟ್ ಸವೆದಿದೆ, ಗಾಡಿಯ ಭಾರ ತಾಳುವ ಮುಂದಿನ ಸ್ಪ್ರಿಂಗ್ ಪಾಟಾ ಬದಲಿಸಬೇಕು, ಇಷ್ಟೂ ಮಾಡಿಸದೆ ಪಾಸ್ ಆಗುವುದಿಲ್ಲ ಅಂದ. ಬ್ರೇಕ್ ಬಗ್ಗೆ ಏನಾದರೂ ಇದೆಯಾ ಎಂದು ಅವಳು ಕೇಳಿದಳು. ಈಚೆಗೆ ಪೆಡಲ್ ಸ್ವಲ್ಪ ಕೆಳಗೆ ಹೋದಂತೆ ಅನಿಸುತ್ತಿತ್ತು. ಅದೇನೂ ಇಲ್ಲ, ಅಡ್ಜಸ್ಟ್ ಮಾಡಿದರೆ ಸಾಕು ಅಂದ ಉದಯ. ಅವಳು ಇನ್ನೂ ಅನುಮಾನದಿಂದ ನಿಂತಿರುವುದು ನೋಡಿ, ಈ ಸ್ಟೇರಿಂಗ್ ಇಟ್ಟುಕೊಂಡು ಘಟ್ಟ ಇಳಿಯುವ ಧೈರ್ಯ ನಿಮಗಿದ್ದರೆ ಇಳಿಯಿರಿ ಎಂದೂ ಹೇಳಿದ.

ಆ ಮಾತಿಗೆ ಶೈಲಾಗೆ ಹೆದರಿಕೆ ಆಯಿತು. ಆದರೆ ಹೆದರಿಕೆಯ ಜೊತೆಗೆ ಒಂದು ಪ್ರಶ್ನೆಯೂ ಬಂತು. ದಿನಾ ಸ್ಟೇರಿಂಗ್ ಹಿಡಿಯುವವಳು ಅವಳು. ಅದು ಸಡಿಲ ಆಗಿದೆ ಎಂದು ಒಂದು ದಿನವೂ ಅನಿಸಿರಲಿಲ್ಲ. ಗಂಡನನ್ನು ಕೇಳಿ ನಾಳೆ ಬರುತ್ತೇನೆ ಎಂದು ಹೇಳಿ ಚೀಟಿ ವಾಪಸ್ ತೆಗೆದುಕೊಂಡಳು.

ಬಸ್‌ಸ್ಟ್ಯಾಂಡ್ ಹತ್ತಿರ ದಿವ್ಯಾ ಸಿಕ್ಕಳು. ದಿವ್ಯಾ ಸಿದ್ದಾಪುರ ತಾಲೂಕಿನ ಬಿಳಗಿಯವಳು. ಐಟಿಐ ಓದಿ, ಬಸ್ ಡಿಪೊದಲ್ಲಿ ರಿಪೇರಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುವಾಗ ಶೈಲಾಳ ಗಾಡಿಯಿಂದ ಹಣ್ಣು ಕೊಳ್ಳುವುದು ಅವಳ ರೂಢಿ. ಅವತ್ತು ಶೈಲಾ ಹಣ್ಣಿನ ಬದಲು ಚೀಟಿ ಮುಂದೆ ಹಿಡಿದಳು.

ದಿವ್ಯಾ ಓದಿದಳು. ಇನ್ನೊಮ್ಮೆ ಓದಿದಳು.

“ಶೈಲಕ್ಕ, ಇದರಲ್ಲಿ ಇರೋದು ಎರಡೇ. ಹಿಂದಿನ ಎಡಗಡೆ ಚಕ್ರಕ್ಕೆ ಬ್ರೇಕ್ ಸರಿಯಾಗಿ ಹಿಡೀತಾ ಇಲ್ಲ. ಬಲಗಡೆ ಹೆಡ್‌ಲೈಟಿನ ಬೆಳಕು ಮೇಲಕ್ಕೆ ಹೊಡೀತದೆ. ಸ್ಟೇರಿಂಗ್, ಕ್ಲಚ್, ಪಾಟಾ ಎಂತದೂ ಬರೆದಿಲ್ಲ.”

ಶೈಲಾಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ದಿವ್ಯಾ ಬ್ಯಾಗನ್ನು ಸೀಟಿನ ಮೇಲಿಟ್ಟು ಸ್ಟೇರಿಂಗನ್ನು ಆಚೆ ಈಚೆ ಮೆಲ್ಲಗೆ ಅಲ್ಲಾಡಿಸಿ, ಎಷ್ಟು ತಿರುಗಿಸಿದ ಮೇಲೆ ಚಕ್ರ ಅಲುಗುತ್ತದೆ ಎಂದು ನೋಡಲು ಶೈಲಾಗೆ ಹೇಳಿದಳು. ಕೈ ಅಲುಗಿದ ಕೂಡಲೇ ಚಕ್ರವೂ ಅಲುಗುತ್ತಿತ್ತು. ಆಮೇಲೆ ಹಿಂದೆ ಹೋಗಿ, ಎಡಚಕ್ರದ ಒಳಮೈಗೆ ಮೊಬೈಲಿನ ಬೆಳಕು ಬಿಟ್ಟು ಶೈಲಾಳನ್ನು ಕರೆದಳು. ಟೈರಿನ ಒಳಭಾಗದಲ್ಲಿ ಎಣ್ಣೆ ಹರಿದಂತೆ ಒದ್ದೆ ಗೆರೆ ಇತ್ತು. ಬ್ರೇಕ್ ಆಯಿಲ್ ಡಬ್ಬಿ ತೋರಿಸಿದಳು. ಆಯಿಲ್ ಡಬ್ಬಿಯ ಮೇಲಿನ ಕನಿಷ್ಠ ಮಟ್ಟದ ಗೆರೆಗಿಂತ ಕೆಳಗಿತ್ತು.

ಚಕ್ರದ ಒಳಗಿನ ಸಿಲಿಂಡರ್ ಸೋರುತ್ತಿರಬೇಕು, ಬಿಚ್ಚಿ ನೋಡದೆ ಖಚಿತವಾಗಿ ಹೇಳಲು ಆಗುವುದಿಲ್ಲ ಅಂದಳು ದಿವ್ಯಾ. ಸೋರುತ್ತಿದ್ದರೆ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ. ಇವತ್ತೋ ನಾಳೆಯೋ ಪೆಡಲ್ ಪೂರ್ತಿ ಕೆಳಗೆ ಹೋಗಬಹುದು. ಉದಯ ಹೇಳಿದ್ದು ಸುಳ್ಳೆಂದು ಅವಳು ಹೇಳಲಿಲ್ಲ. ಸ್ಟೇರಿಂಗ್ ಹೋಗಿದೆ ಅನ್ನುವವರು ಎಲ್ಲಿ ಹೋಗಿದೆ ಎಂದು ತೋರಿಸಲಿ, ಕೇಳುವುದು ನಿಮ್ಮ ಹಕ್ಕು ಅಂದಳು. ಬಸ್ ಬಂತು. ಹತ್ತುವ ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಿದಳು.

“ಊರಿಗೆ ಇದರಲ್ಲಿ ಹೋಗೋದು ಬೇಡ. ಗಾಡಿ ಇಲ್ಲೇ ಬಿಡಿ, ಬಸ್ಸಿಗೆ ಹೋಗಿ. ಘಟ್ಟದ ಮಾತಂತೂ ಬೇಡವೇ ಬೇಡ.”

ಶೈಲಾ ಸಂಘದ ಗೆಳತಿಯೊಬ್ಬಳ ಮನೆ ಅಂಗಳದಲ್ಲಿ ಗಾಡಿ ನಿಲ್ಲಿಸಿ ಬಸ್ಸಿಗೆ ಊರಿಗೆ ಬಂದಳು. ಸದಾಶಿವನಿಗೆ ಇದು ಸರಿ ಬರಲಿಲ್ಲ. ಮರುದಿನ ಕುಮಟಾದ ವ್ಯಾಪಾರಿ ಭರತ್‌ಗೆ ಹಣ್ಣು ಮುಟ್ಟಿಸಬೇಕಿತ್ತು. ಹಣ್ಣು ಕೊಯ್ದಾಗಿತ್ತು. ಹಳೇ ಎಫ್‌ಸಿಗೆ ಇನ್ನೂ ಹತ್ತು ದಿನ ಇದೆ, ಪೊಲೀಸರು ಹಿಡಿಯುವುದಿಲ್ಲ, ಉದಯನ ಹತ್ತಿರ ಬ್ರೇಕ್ ಅಡ್ಜಸ್ಟ್ ಮಾಡಿಸಿಕೊಂಡು ಒಂದು ಟ್ರಿಪ್ ಹೋಗಿ ಬಾ, ಬಂದ ಮೇಲೆ ಅವನು ಹೇಳಿದ್ದೆಲ್ಲಾ ಮಾಡಿಸೋಣ ಅಂದ. ಆರು ವರ್ಷದ ಪರಿಚಯದವನು ಸುಳ್ಳು ಹೇಳುತ್ತಾನಾ, ಬಸ್ ರಿಪೇರಿ ಮಾಡುವ ಹುಡುಗಿಗೆ ಸಣ್ಣ ಗಾಡಿ ವಿಷಯ ಏನು ಗೊತ್ತು ಎಂದೂ ಕೇಳಿದ.

ಶೈಲಾ ಊಟದ ತಟ್ಟೆ ಸರಿಸಿ ಕೂತಳು.

“ಘಟ್ಟದಾಗ ಬ್ರೇಕ್ ತುಳಿಯೂದು ನನ್ನ ಕಾಲು ರಿ. ಹದಿನೈದು ದಿನದಿಂದ ಎರಡೆರಡು ಸಲ ತುಳಿದು ಬರಾಕ ಹತ್ತೀನಿ. ನಿಮಗ ಹೇಳಿರಲಿಲ್ಲ. ನಾಳೆ ನಾ ಹೋಗಂಗಿಲ್ಲ.”

ಸದಾಶಿವ ಅವಳ ಮುಖ ನೋಡಿದ. ಎರಡೆರಡು ಸಲ ತುಳಿಯುವ ವಿಷಯ ಅವನಿಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಪಕ್ಕದೂರಿನ ಶಿವಲಿಂಗಪ್ಪನಿಗೆ ಫೋನ್ ಮಾಡಿದ. ಶಿವಲಿಂಗಪ್ಪನ ಟೆಂಪೊ ಶುಂಠಿ ಹೇರಿಕೊಂಡು ಕುಮಟಾ ಕಡೆಗೇ ಹೊರಟಿತ್ತು. ಅದರಲ್ಲಿ ಅರ್ಧ ಹಣ್ಣಿಗೆ ಜಾಗ ಸಿಕ್ಕಿತು. ಉಳಿದದ್ದನ್ನು ಮರುದಿನ ಬೆಳಿಗ್ಗೆ ಬಾಡಿಗೆ ಗಾಡಿಯಲ್ಲಿ ಒಯ್ದು ಶಿರಸಿಯಲ್ಲೇ ಸಿಕ್ಕ ದರಕ್ಕೆ ಮಾರಿದರು. ಭರತ್ ಫೋನಿನಲ್ಲಿ ಗೊಣಗಿದ, ಆದರೆ ಮುಂದಿನ ವಾರದ ಆರ್ಡರ್ ರದ್ದು ಮಾಡಲಿಲ್ಲ.

ಹಣ್ಣು ಮಾರಿದ ಮೇಲೆ ಅದೇ ದಿನ ಗಂಡ ಹೆಂಡತಿ ಇಬ್ಬರೂ ಗ್ಯಾರೇಜಿಗೆ ಹೋದರು. ಗಾಡಿ ನಿಲ್ಲಿಸಿದ್ದ ಅಂಗಳದಿಂದ ಗ್ಯಾರೇಜ್ ಹತ್ತಿರವೇ ಇತ್ತು, ಸಪಾಟು ರಸ್ತೆ. ಉದಯನೇ ಬಂದು ಬೇರೆ ಗಾಡಿಗೆ ಹಗ್ಗ ಕಟ್ಟಿ ಮೆಲ್ಲಗೆ ಎಳೆಸಿಕೊಂಡು ಹೋದ. ಸದಾಶಿವ ಸುಮ್ಮನೆ ಒಂದು ಕಡೆ ನಿಂತಿದ್ದ. ಮಾತಾಡಿದವಳು ಶೈಲಾ. ಚೀಟಿ ಬಿಚ್ಚಿ ಉದಯನ ಮುಂದಿಟ್ಟು, ನೀವು ಹೇಳಿದ ಕೆಲಸಗಳಲ್ಲಿ ಇದರಲ್ಲಿ ಬರೆದಿರುವುದು ಯಾವುದು ಎಂದು ಕೇಳಿದಳು.

ಉದಯ ಮೊದಲು ಚೀಟಿಯ ಕಡೆ, ಆಮೇಲೆ ಸದಾಶಿವನ ಕಡೆ ನೋಡಿದ. ಬರೆಯದಿದ್ದರೂ ಮುಂದೆ ಮಾಡಿಸಲೇಬೇಕಾದ ಕೆಲಸ ಅಂದ. ಶೈಲಾ ಸಿಟ್ಟು ಮಾಡಲಿಲ್ಲ. ಮುಂದಿನದ್ದನ್ನು ಮುಂದೆ ನೋಡೋಣ, ಈಗ ನನ್ನ ಎದುರಿಗೆ ಹಿಂದಿನ ಎಡಚಕ್ರ ಬಿಚ್ಚಿ ಅಂದಳು. ಉದಯನ ಮುಖ ಕೆಂಪಾಯಿತು.

“ನನ್ನ ಮ್ಯಾಲೆ ನಂಬಿಕಿ ಇಲ್ಲಂದ್ರ ಬ್ಯಾರೆ ಗ್ಯಾರೇಜಿಗೆ ಹೋಗ್ರಿ ಅಕ್ಕಾರ.”

“ನಂಬಿಕಿ ಐತಿ ಅಂತನ ಇಲ್ಲಿ ಬಂದೀನಿ ಉದಯಣ್ಣ. ತೋರಿಸ್ರಿ ಅಂತ ಕೇಳಾಕ ಹತ್ತೀನಿ, ಅಷ್ಟ.”

ಉದಯ ಜಾಕ್ ತಂದ. ಚಕ್ರ ಬಿಚ್ಚಿ ಡ್ರಮ್ ಕಳಚಿದಾಗ ಚಕ್ರವನ್ನು ಒತ್ತಿ ನಿಲ್ಲಿಸುವ ಒಳಗಿನ ಬ್ರೇಕ್ ಲೈನರ್ ಎಣ್ಣೆಯಲ್ಲಿ ನೆನೆದು ಕರ್ರಗಾಗಿತ್ತು. ಸಿಲಿಂಡರಿನ ರಬ್ಬರ್ ಹರಿದಿತ್ತು. ಸದಾಶಿವ ಹತ್ತಿರ ಬಂದು ಬೆರಳಿಟ್ಟು ನೋಡಿದ. ಬೆರಳು ಜಾರಿತು.

ನಿನ್ನೆ ಚಕ್ರ ಬಿಚ್ಚಿ ನೋಡದೆ ಹೇಳಿದ್ದು ತಪ್ಪಾಯಿತು ಎಂದು ಉದಯನೇ ಒಪ್ಪಿಕೊಂಡ. ಸ್ಟೇರಿಂಗ್ ಎಲ್ಲಿ ಹೋಗಿದೆ ತೋರಿಸಿ ಎಂದಾಗ ಅಲ್ಲಾಡಿಸಿ ನೋಡಿ, ಸದ್ಯಕ್ಕೆ ಅಡ್ಡಿಯಿಲ್ಲ ಅಂದ. ಪಾಟಾದ ಮಾತು ಎತ್ತಲೇ ಇಲ್ಲ. ಕ್ಲಚ್ ಇನ್ನೊಂದು ವರ್ಷದೊಳಗೆ ಮಾಡಿಸಬೇಕಾಗಬಹುದು ಅಂದಾಗ ಶೈಲಾ ಅದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡಳು.

ಆದರೆ ಒಂದು ವಿಷಯದಲ್ಲಿ ಉದಯ ಪಟ್ಟು ಹಿಡಿದ. ಎಡಗಡೆ ಲೈನರ್ ಬದಲಿಸಿದರೆ ಬಲಗಡೆಯದನ್ನೂ ಬದಲಿಸಬೇಕು ಅಂದ. ಬಲಗಡೆಯದು ಚೀಟಿಯಲ್ಲಿ ಇಲ್ಲವಲ್ಲ ಎಂದು ಸದಾಶಿವ ತಕ್ಷಣ ಹೇಳಿದ. ಈಗ ಅನುಮಾನ ಅವನಿಗೇ ಜಾಸ್ತಿಯಾಗಿತ್ತು. ಶೈಲಾ ಮಾತ್ರ ಯಾಕೆ ಎಂದು ಕೇಳಿದಳು. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದೇ ಕಡೆಗೆ ಎಳೆಯುತ್ತದೆ ಎಂದು ಉದಯ ವಿವರಿಸಿದ. ಬಲಚಕ್ರವನ್ನೂ ಬಿಚ್ಚಿ, ಸವೆದ ಲೈನರನ್ನು ಹೊಸದರ ಪಕ್ಕ ಇಟ್ಟು ತೋರಿಸಿದ. ಶೈಲಾ ದಿವ್ಯಾಗೆ ಫೋನ್ ಮಾಡಿದಳು. ಅವಳೂ ಅದನ್ನೇ ಹೇಳಿದಳು. ಎರಡೂ ಕಡೆ ಲೈನರ್ ಬದಲಿಸಿ, ಎಡಗಡೆಗೆ ಹೊಸ ಸಿಲಿಂಡರ್ ಹಾಕಿಸಿದರು.

ಹೆಡ್‌ಲೈಟಿಗೆ ಒಂದು ಸ್ಕ್ರೂ ತಿರುಗಿಸಿದ್ದಷ್ಟೇ ಕೆಲಸ. ಸಂಜೆಯೊಳಗೆ ಗಾಡಿ ಕೈಗೆ ಬಂತು. ತೆಗೆದ ಹಳೇ ಸಾಮಾನನ್ನು ಉದಯ ಕೇಳದೆಯೇ ಚೀಲದಲ್ಲಿ ಹಾಕಿಕೊಟ್ಟು, ಬಿಲ್ ಬರೆದುಕೊಟ್ಟ.

ಊರಿಗೆ ಬರುವಾಗ ಅರ್ಧ ದಾರಿಯಲ್ಲಿ ಸದಾಶಿವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ.

“ನಾ ಹೋಗು ಅಂದಿದ್ದೆ. ನೀ ಹೋಗಿದ್ರ...”

“ಹೋಗಲಿಲ್ಲಲ್ಲ. ಬಿಡ್ರಿ ಈಗ,” ಅಂದಳು ಶೈಲಾ. ಎದುರಿಗೆ ಒಂದು ದನ ಅಡ್ಡ ಬಂತು. ಅವಳು ಬ್ರೇಕ್ ತುಳಿದಳು. ಗಾಡಿ ಒಂದೇ ತುಳಿತಕ್ಕೆ ನಿಂತಿತು. ಇಬ್ಬರಿಗೂ ನಗು ಬಂತು.

ಮೂರು ದಿನ ಬಿಟ್ಟು ಮತ್ತೆ ಪರೀಕ್ಷೆಗೆ ಹೋದರು. ಈ ಸಲ ಶೈಲಾ ಸಂಕೋಚ ಪಡದೆ, ನೀವು ಬರೆದ ಎರಡೂ ಸರಿಯಾಗಿದೆಯಾ, ಇನ್ನೇನಾದರೂ ಗಮನಿಸಬೇಕಾ ಎಂದು ಕೇಳಿದಳು. ಅವರು ಚೆನ್ನಾಗಿಯೇ ಉತ್ತರ ಕೊಟ್ಟರು. ಗಾಡಿ ಪಾಸಾಯಿತು. ಮುಂದಿನ ವಾರ ಕುಮಟಾಕ್ಕೆ ಹೊರಟಾಗ ಸದಾಶಿವನೂ ಜೊತೆಗೆ ಹತ್ತಿ ಕೂತ. ಘಟ್ಟದಲ್ಲಿ ಹೆಂಡತಿ ಗಾಡಿ ಓಡಿಸುವುದನ್ನು ಅವನು ನೋಡಿದ್ದು ಅದೇ ಮೊದಲು. ಎಷ್ಟು ಹಗುರವಾಗಿ ತಿರುವು ತೆಗೆದುಕೊಳ್ಳುತ್ತಾಳೆ ಎಂದು ಈಗ ಸಿಕ್ಕಸಿಕ್ಕವರ ಮುಂದೆ ಹೇಳುತ್ತಾನೆ.

ಗಾಡಿ ಇರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮಗೊಂದು ಮಾತು. ಪರೀಕ್ಷೆಯ ಚೀಟಿ ಕೈಗೆ ಬಂದರೆ ಮೊದಲು ನೀವು ಓದಿ. ಓದಲು ಬಾರದಿದ್ದರೆ ಕೊಟ್ಟವರನ್ನೇ ಕೇಳಿ, ಇಲ್ಲವೇ ಗೊತ್ತಿರುವವರಿಂದ ಓದಿಸಿಕೊಳ್ಳಿ. ಗ್ಯಾರೇಜಿನಲ್ಲಿ ಬೇರೆ ಕೆಲಸ ಹೇಳಿದರೆ ಯಾಕೆಂದು ಕೇಳಿ, ಬಿಚ್ಚಿ ತೋರಿಸಲು ಹೇಳಿ. ಅನುಮಾನ ಇದ್ದರೆ ಇನ್ನೊಬ್ಬ ಮೆಕ್ಯಾನಿಕ್‌ಗೂ ತೋರಿಸಿ. ಬೇಡದ ಕೆಲಸ ಮಾಡಿಸುವುದು ನಷ್ಟ, ಬೇಕಾದ ಕೆಲಸ ಬಿಡುವುದು ಅಪಾಯ. ಬ್ರೇಕಿನ ವಿಷಯದಲ್ಲಿ ಮಾತ್ರ ಒಂದು ದಿನವೂ ತಡ ಮಾಡಬೇಡಿ, ಒಂದು ಟ್ರಿಪ್ ತಪ್ಪಿದರೂ ತಪ್ಪಲಿ. ಕೇಳಿದರೆ ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮ ಸಂಘದ ಐದು ಗಾಡಿಗಳನ್ನು ಈಗಲೂ ಉದಯನೇ ನೋಡುತ್ತಾನೆ, ಚಕ್ರ ಬಿಚ್ಚಿದಾಗ ನಮ್ಮನ್ನು ಕರೆದು ತೋರಿಸುತ್ತಾನೆ. ನೀವೂ ಕೇಳಿ, ಹತ್ತಿರ ನಿಂತು ನೋಡಿ.