ಸೋತವರ ಫೋನು

ವಿಜಯೇಂದ್ರ ಸೋಲುವುದರಲ್ಲಿ ಪಳಗಿದ ಮನುಷ್ಯ. ನಾಲ್ಕು ವರ್ಷದಿಂದ ಪ್ರತಿ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ನೆದರ್‌ಲ್ಯಾಂಡ್ಸಿನ ಡೀಮೆನ್‌ನ ತನ್ನ ಫ್ಲಾಟಿನಲ್ಲಿ ಚಹಾದ ಲೋಟ ಎದುರಿಗಿಟ್ಟುಕೊಂಡು ಸಮುದ್ರದಂಡೆಯ ನೂರ್ಡ್‌ವೈಕಿಗೆ ಫೋನು ಮಾಡುತ್ತಿದ್ದ. ಆ ಕಡೆ ಬಸವಂತಪ್ಪ ಎತ್ತಿಕೊಂಡ ಕೂಡಲೇ ಹೇಳಬೇಕಾದ ಮಾತು ಒಂದೇ.

“ನಾವು ಸೋತಿವ್ರಿ.”

“ಏನಂದ್ರಿ? ಇಲ್ಲಿ ಗಾಳಿ ಭಾಳ ಐತಿ, ಕೇಳಸಲಿಲ್ಲ.”

“ನಾವು ಸೋತಿವಿ ಅಂದೆ. ಕಿವಿ ತೋರಸ್ಕೋರಿ.”

ಎರಡು ಸಲ ಹೇಳಿಸದೆ ಬಸವಂತಪ್ಪ ಯಾವ ತಿಂಗಳೂ ಬಿಟ್ಟವನಲ್ಲ. ಸೋತವರು ಹೀಗೆ ಒಪ್ಪಿಕೊಳ್ಳುವುದು ಬೆಳಗಾವಿಯ ಎರಡು ಎಂಜಿನಿಯರಿಂಗ್ ಕಾಲೇಜುಗಳ ಹಳೆಯ ಪದ್ಧತಿ. ಒಂದು ಗುಡ್ಡದ ಮೇಲಿತ್ತು, ಇನ್ನೊಂದು ರೈಲ್ವೆ ಸ್ಟೇಷನ್ನಿನ ಹಿಂದೆ. ಅವಕ್ಕೆ ದೊಡ್ಡ ದೊಡ್ಡ ಹೆಸರುಗಳಿದ್ದರೂ ಹುಡುಗರ ಬಾಯಲ್ಲಿ ಅವು ಗುಡ್ಡ ಮತ್ತು ಸ್ಟೇಷನ್. ವರ್ಷಕ್ಕೊಮ್ಮೆ ಎರಡೂ ಫುಟ್‌ಬಾಲ್ ತಂಡಗಳಿಗೆ ಒಂದು ಪಂದ್ಯ. ಸೋತ ತಂಡದ ಕ್ಯಾಪ್ಟನ್ ಮುಂದಿನ ಪಂದ್ಯದವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಗೆದ್ದವರ ಹಾಸ್ಟೆಲ್ ಗೇಟಿಗೆ ಹೋಗಿ, ಸೋತೆವೆಂದು ಬಾಯಿಬಿಟ್ಟು ಹೇಳಿ, ಅವರು ಕೊಟ್ಟ ಚಹಾ ಕುಡಿದು ಬರಬೇಕು. ಆ ಕಾಲೇಜುಗಳಲ್ಲಿ ಓದಿದವರು ಒಬ್ಬೊಬ್ಬರಾಗಿ ನೆದರ್‌ಲ್ಯಾಂಡ್ಸಿಗೆ ಬಂದಂತೆ ಪಂದ್ಯವೂ ಅವರ ಬೆನ್ನಿಗೇ ಬಂತು. ಹನ್ನೊಂದು ವರ್ಷದಿಂದ ಮೇ ತಿಂಗಳಲ್ಲಿ ಆಮ್ಸ್ಟೆಲ್‌ವೀನ್‌ನ ಬಾಡಿಗೆ ಮೈದಾನದಲ್ಲಿ ಆಟ. ಗೇಟಿನ ಬದಲು ಫೋನು. ಚಹಾ ಅವರವರ ಮನೆಯದು.

ವಿಜಯೇಂದ್ರ ಗುಡ್ಡದ ಗೋಲ್‌ಕೀಪರ್, ಕ್ಯಾಪ್ಟನ್ನೂ ಹೌದು. ವಯಸ್ಸು ನಲವತ್ತೊಂಬತ್ತು. ಅವನಿಗಿಂತ ಎರಡು ವರ್ಷ ದೊಡ್ಡವನಾದ ಬಸವಂತಪ್ಪ ಸ್ಟೇಷನ್ನಿನ ಕ್ಯಾಪ್ಟನ್. ಕೆಲಸ ನೂರ್ಡ್‌ವೈಕಿನಲ್ಲಿ, ಉಪಗ್ರಹಗಳನ್ನು ಹಾರಿಸುವ ಮೊದಲು ಅಲುಗಾಡಿಸಿ ಪರೀಕ್ಷೆ ಮಾಡುವುದು.

ಸೋಲು ಒಪ್ಪಿಕೊಳ್ಳಲು ಅರ್ಧ ನಿಮಿಷ ಸಾಕು. ಆದರೆ ಫೋನು ಇಡುವ ಹೊತ್ತಿಗೆ ಹನ್ನೊಂದು ದಾಟಿರುತ್ತಿತ್ತು. ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ಯಾಕೆ ಹರಿಯುತ್ತದೆ, ಸೈಕಲ್ಲಿಗೆ ಎದುರುಗಾಳಿ ಹೋಗುವಾಗಲೂ ಬರುವಾಗಲೂ ಹೇಗೆ ಸಿಗುತ್ತದೆ, ಇಂಥ ಘನಂದಾರಿ ವಿಷಯಗಳು. ಬಸವಂತಪ್ಪನಿಗೆ ಹೆಂಡತಿ ನೀಲಾಂಬಿಕಾ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಆದರೂ ಒಮ್ಮೆ, “ಮನಿ ತುಂಬ ಮಂದಿ ಅದಾರ್ರಿ. ನಾ ಕನ್ನಡದಾಗ ಕೇಳಿದ್ರ ಡಚ್ಚಿನಾಗ ಉತ್ತರಾ ಬರ್ತೈತಿ,” ಎಂದಿದ್ದ.

ವಿಜಯೇಂದ್ರನ ಮನೆಯಲ್ಲಿ ಯಾವ ಭಾಷೆಯಲ್ಲೂ ಉತ್ತರ ಬರುತ್ತಿರಲಿಲ್ಲ. ವೈಶಾಲಿಯಿಂದ ಬೇರೆಯಾಗಿ ಆರು ವರ್ಷ. ಮಗಳು ಹಿತಾ ತಾಯಿಯ ಜೊತೆಗಿದ್ದಾಳೆ. ಅಪ್ಪನ ನಾಲ್ಕು ಸಾಲಿನ ಮೆಸೇಜಿಗೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾಳೆ. ಆಫೀಸಿನಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಮುರುಕು ಡಚ್ಚು. ತಿಂಗಳಿಗೊಮ್ಮೆ ಆ ಒಂದು ಗಂಟೆ ಮಾತ್ರ ಅವನ ಬಾಯಿಗೆ ಅವನದೇ ಮಾತು. ಅದಿಲ್ಲದಿದ್ದರೆ ತನ್ನ ಗತಿಯೇನು ಎಂದು ಅವನಿಗೆ ಭಯವಿತ್ತು. ಎರಡು ವರ್ಷದ ಹಿಂದಿನ ಪಂದ್ಯದ ಕೊನೆಯಲ್ಲಿ ಒಂದು ಸಾಧಾರಣ ಚೆಂಡಿಗೆ ಅವನು ಕೊಂಚ ತಡವಾಗಿ ಹಾರಿದ್ದ. ಮೊಣಕಾಲು ತಡಮಾಡಿತೋ ಮನಸ್ಸು ತಡಮಾಡಿತೋ, ಅವನಿಗೇ ಇವತ್ತಿಗೂ ಗೊತ್ತಿಲ್ಲ.

ಈ ಮಾರ್ಚಿನಲ್ಲಿ ಒಂದು ಸಭೆ ಕರೆದರು. ಪಂದ್ಯ ಇರಬೇಕೋ ಬೇಡವೋ ಎನ್ನುವುದೇ ವಿಷಯ. ಕರೆದವನು ಗುಡ್ಡದಲ್ಲಿ ಓದಿದ ಸಾತ್ವಿಕ್, ಇಪ್ಪತ್ತಾರರ ಹುಡುಗ, ಬೆಂಗಳೂರಿನವನು.

“ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ ಅಂಕಲ್. ಟೀಮಿಗೆ ಏಳೇಳು ಅಂದ್ರೂ ಎರಡಕ್ಕೂ ಸೇರಿ ಆಡೋಕೆ ಹದಿನಾಲ್ಕು ಜನ ಸಿಗಲ್ಲ. ಒಂದೇ ಟೀಮ್ ಮಾಡಿದ್ರೆ ಇಲ್ಲಿನ ಲೋಕಲ್ ಲೀಗಲ್ಲಿ ವಾರ ವಾರ ಆಡ್ಬೋದು.”

“ನಾನೂ ಆಡ್ಬೋದು,” ಎಂದಳು ಸ್ಟೇಷನ್ನಿನ ಸ್ಮೃತಿ. “ಹನ್ನೊಂದು ವರ್ಷದಿಂದ ಹುಡುಗೀರಿಗೆ ನೀರಿನ ಬಾಟ್ಲಿ ಹಿಡಿಯೋ ಕೆಲಸ ತಾನೆ ಕೊಟ್ಟಿರೋದು?”

ಮಾತು ನ್ಯಾಯವಾಗಿತ್ತು. ವಿಜಯೇಂದ್ರನಿಗೂ ಹಾಗೇ ಅನ್ನಿಸಿತು, ಅದೇ ಅವನ ಸಂಕಟ. ಪಂದ್ಯ ಉಳಿಯಲಿ ಎನ್ನುವುದಕ್ಕೆ ಅವನ ಹತ್ತಿರ ಒಂದೇ ಕಾರಣವಿತ್ತು, ಅದನ್ನು ಹದಿನೈದು ಜನರ ಎದುರು ಹೇಳುವಂತಿರಲಿಲ್ಲ. ಬಸವಂತಪ್ಪನಾದರೂ ಹೇಳುತ್ತಾನೆ ಎಂದು ಅವನ ಮುಖ ನೋಡಿದ.

ಬಸವಂತಪ್ಪ ಎದ್ದು ನಿಂತ. ಗೆದ್ದವನು ಸೋತವನನ್ನು ಕಾಡಿಸದೆ ಕೂತರೆ ಪದ್ಧತಿಗೆ ಅವಮಾನ. “ಈ ಮನಷ್ಯಾ ನಾಕ ವರ್ಷದಿಂದ ತಿಂಗಳಾ ಫೋನ್ ಮಾಡಿ ಸೋತಿವಿ ಸೋತಿವಿ ಅಂತಾರ್ರಿ. ಕೇಳಿ ಕೇಳಿ ನನಗ ಸಾಕಾಗೇತಿ, ಹೇಳಿ ಹೇಳಿ ಅವ್ರಿಗೆ ಸಾಕಾಗವಲ್ದು!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಜಯೇಂದ್ರನೂ ನಕ್ಕ. ಇದಕ್ಕಿಂತ ಖಾರವಾದ ಮಾತುಗಳನ್ನು ಅವನು ಎಷ್ಟೋ ಸಲ ನುಂಗಿಕೊಂಡಿದ್ದ, ಆದರೆ ಇದು ಗಂಟಲಲ್ಲಿ ಇಳಿಯಲಿಲ್ಲ. ಹೌದಲ್ಲ, ಆ ಮನುಷ್ಯನಿಗೆ ಮನೆ ಇದೆ, ಮಕ್ಕಳಿದ್ದಾರೆ, ಭಾನುವಾರದ ಬೆಳಗನ್ನು ನಾನು ತಿಂದು ಹಾಕುತ್ತಿದ್ದೇನೆ ಎನ್ನಿಸಿತು.

ಕೈ ಎತ್ತಿಸಿದರು. ಕ್ಯಾಪ್ಟನ್ನರಿಬ್ಬರನ್ನು ಬಿಟ್ಟು ಏಳು ಬೇಕು, ಏಳು ಬೇಡ.

“ನಾ ಕೈ ಎತ್ತಂಗಿಲ್ಲ,” ಎಂದ ಬಸವಂತಪ್ಪ. “ಮತ್ತ ಆಡೂದೋ ಬ್ಯಾಡೋ ಅನ್ನೂದು ಸೋತವರ ಹಕ್ಕು. ಹಾಸ್ಟೆಲಿನಾಗೂ ಹಂಗ ಇತ್ತು. ಹೇಳ್ರಿ ಕ್ಯಾಪ್ಟನ್‌ರ.” ಹೇಳುವಾಗ ಅವನು ನಗುತ್ತಿರಲಿಲ್ಲ. ಆದರೆ ವಿಜಯೇಂದ್ರ ಅವನ ಕಡೆ ನೋಡಲೇ ಇಲ್ಲ.

“ಬ್ಯಾಡ,” ಎಂದ. “ಸಾಕು ಮಾಡೋಣು.”

ಪಂದ್ಯ ಇಲ್ಲ, ಅಂದಮೇಲೆ ಫೋನೂ ಇಲ್ಲ ಎಂದು ಸಾತ್ವಿಕ್ ಗುಂಪಿಗೆ ಮೆಸೇಜ್ ಹಾಕಿದ. ಕೆಳಗೆ ಸಾಲಾಗಿ ಹೆಬ್ಬೆರಳುಗಳು ಬಂದವು.

ಏಪ್ರಿಲಿನ ಮೊದಲ ಭಾನುವಾರ ವಿಜಯೇಂದ್ರ ಎಂದಿನಂತೆ ಚಹಾ ಮಾಡಿಕೊಂಡು ಕೂತ. ಹತ್ತು ಹೊಡೆಯಿತು. ಕೆಳಗೆ ಟ್ರಾಮು ಹೋಯಿತು, ಇನ್ನೊಂದು ಬಂತು. ಹತ್ತೂಕಾಲಿಗೆ ಫೋನು ತಾನೇ ರಿಂಗಾಯಿತು. ಬಸವಂತಪ್ಪ! ಗೆದ್ದವರು ಫೋನು ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

“ಇವತ್ತ ಮೊದಲನೇ ಐತವಾರ,” ಎಂದ ಆ ಕಡೆಯ ದನಿ. “ಫೋನ್ ಬರಲಿಲ್ಲಲಾ ಅಂತ…”

ಎದೆ ಹಿಗ್ಗಿತು. ಒಂದು ಮಾತು ಸಾಕಿತ್ತು. ಆದರೆ ಅವತ್ತಿನ ನಗು ಕಿವಿಯಲ್ಲಿ ಇನ್ನೂ ಕೂತಿತ್ತು, ಮತ್ತು ಮನುಷ್ಯನ ನಾಲಿಗೆ ಎಂಥ ಹೊತ್ತಿನಲ್ಲಿ ಸೆಟೆದುಕೊಳ್ಳುತ್ತದೆ ಎಂದು ಹೇಳಲಾಗದು.

“ಪದ್ಧತಿ ತಗದೀವಲ್ರಿ. ನಿಮಗೂ ಸಾಕಾಗಿತ್ತಲಾ.”



“ಹೌದಲ್ಲ. ಮರತ ಬಿಟ್ಟಿದ್ದೆ ನೋಡ್ರಿ. ಇಡ್ತೀನಿ.”

ಮರೆಯುವ ಆಸಾಮಿಯಲ್ಲ ಅವನು. ಅದು ವಿಜಯೇಂದ್ರನಿಗೆ ಫೋನು ಇಟ್ಟ ಮರುಕ್ಷಣವೇ ಹೊಳೆಯಿತು. ತಿರುಗಿ ಮಾಡಬಹುದಿತ್ತು. ಮಾಡಲಿಲ್ಲ. ಸೋಮವಾರ ಮಾಡೋಣ ಎಂದುಕೊಂಡ, ಸೋಮವಾರ ಯಾವ ನೆವವೂ ಸಿಗಲಿಲ್ಲ. ತಿಂಗಳು ಹಾಗೇ ಕಳೆಯಿತು. ಈ ನಡುವೆ ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಸ್ಮೃತಿ, ಹೊಸ ಟೀಮಿನ ಪ್ರಾಕ್ಟೀಸಿಗೆ ಬಸವಂತಪ್ಪನವರೇ ರೆಫರಿ, ಭಾನುವಾರ ಬೆಳಿಗ್ಗೆಯೆಲ್ಲ ಮೈದಾನದಲ್ಲೇ ಇರುತ್ತಾರೆ, ನೀವೂ ಬನ್ನಿ ಅಂಕಲ್ ಎಂದಳು. ಬರ್ತೀನಮ್ಮ ಎಂದು ಹೇಳಿ ಹಿಟ್ಟಿನ ಚೀಲ ಹಿಡಿದು ಮನೆಗೆ ಬಂದ.

ಮೇ ತಿಂಗಳ ಮೊದಲ ಭಾನುವಾರ, ಹತ್ತು ಗಂಟೆಗೆ, ನಂಬರು ಒತ್ತಿದ. ರಿಂಗಾಯಿತು. ಎತ್ತಲಿಲ್ಲ. ಆಮೇಲೆ ರೆಕಾರ್ಡು ಮಾಡಿಟ್ಟ ಹೆಂಗಸಿನ ದನಿಯೊಂದು, ಇವರು ಈಗ ಸಿಗುವುದಿಲ್ಲ, ಏನು ಹೇಳುವುದಿದ್ದರೂ ಹೇಳಿಡಿ ಎಂದು ಡಚ್ಚಿನಲ್ಲಿ ತಿಳಿಸಿತು. ಬೀಪ್ ಸದ್ದಾಯಿತು.

“ನಾವು ಸೋತಿವ್ರಿ,” ಎಂದ ವಿಜಯೇಂದ್ರ.

ಹೇಳಿ, ರೂಢಿಯಂತೆ ಕಾದ. ಏನಂದ್ರಿ, ಕೇಳಸಲಿಲ್ಲ ಎನ್ನುವವರು ಅಲ್ಲಿರಲಿಲ್ಲ. ಚಹಾದ ಲೋಟ ಆಚೆ ಸರಿಸಿ, ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದುಕೊಂಡು, ಯಾರೂ ಕೇಳದಿದ್ದರೂ, ಎರಡನೆಯ ಸಲವೂ ಹೇಳಿದ.