ಭೂಮಿ ಸುತ್ತಿ ಬಂದವಳಿಗೆ ಸನ್ಮಾನ

ನನ್ನ ಗಂಡ ಕರಿಬಸವರಾಜ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿ.ಜೆ. ಬಡಾವಣೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಇವರಿಗೆ ನಾಲ್ಕು ಜನರನ್ನು ಸೇರಿಸದೆ ಯಾವ ಕೆಲಸವನ್ನೂ ಮಾಡಲು ಬರುವುದಿಲ್ಲ. ನಮ್ಮ ಮಗಳ ದಾಖಲೆ ಮಣ್ಣುಪಾಲಾದದ್ದು ಇದರಿಂದಲೇ.

ನಯನಾ ಸೈಕಲ್ ಮೇಲೆ ಭೂಮಿ ಸುತ್ತುತ್ತಿದ್ದಳು. ಮುಂಬೈಯಿಂದ ಹೊರಟು, ಖಂಡಗಳನ್ನು ದಾಟಿ, ಚೆನ್ನೈಗೆ ವಿಮಾನದಲ್ಲಿ ಬಂದಿಳಿದು, ನಮ್ಮೂರ ಹೆದ್ದಾರಿ ಹಿಡಿದು ಮತ್ತೆ ಮುಂಬೈ ಮುಟ್ಟಬೇಕು. ಏಷ್ಯಾದ ಹೆಂಗಸರಲ್ಲಿ ಎಲ್ಲರಿಗಿಂತ ಬೇಗ ಸುತ್ತಿದವಳೆಂಬ ದಾಖಲೆಯ ಮೇಲೆ ಅವಳ ಕಣ್ಣಿತ್ತು. ಉಂಡರೂ ಮಲಗಿದರೂ ಅದರ ಗಡಿಯಾರ ನಿಲ್ಲುವುದಿಲ್ಲ. ಇದೇ ಅವಳ ಕೊನೆಯ ಅವಕಾಶ. ಮಂಡಿ ಇನ್ನೊಂದು ಸಲ ತಡೆಯುವುದಿಲ್ಲವೆಂದು ಡಾಕ್ಟರು ಹೇಳಿದ್ದು ಅವಳಿಗೂ ನನಗೂ ಮಾತ್ರ ಗೊತ್ತಿತ್ತು.

ಇಂಥ ಓಟಗಳ ಹುಚ್ಚು ಅವಳಿಗೆ ಶಾಲೆಯಿಂದಲೂ ಇತ್ತು. ನೂರಮೂವತ್ತು ವರ್ಷಗಳ ಹಿಂದೆ ಇಬ್ಬರು ಪತ್ರಕರ್ತೆಯರು ನ್ಯೂಯಾರ್ಕಿನಿಂದ ಒಂದೇ ದಿನ, ಒಬ್ಬಳು ಪೂರ್ವಕ್ಕೆ, ಒಬ್ಬಳು ಪಶ್ಚಿಮಕ್ಕೆ, ಭೂಮಿ ಸುತ್ತಲು ಹೊರಟರಂತೆ. ಒಬ್ಬಳಿಗೆ ವೇಗದ ಹಡಗು ಹೊರಟುಹೋಯಿತೆಂದು ಯಾರೋ ತಪ್ಪು ಹೇಳಿದರಂತೆ. ನಿಧಾನದ ಹಡಗು ಹತ್ತಿ ಸೋತಳಂತೆ. "ಆಕೆ ಹೆಸರು ಯಾರಿಗೂ ನೆನಪಿಲ್ಲ ನೋಡವ್ವ" ಎಂದು ನಯನಾ ಹೊಟ್ಟೆ ಉರಿಸಿಕೊಳ್ಳುತ್ತಿದ್ದಳು.

ಈ ಸೈಕಲ್ಲಿಗಾಗಿ ಅವಳು ಗೊತ್ತಾದ ಮದುವೆಯನ್ನು ಬಿಟ್ಟಾಗ ಅವಳಪ್ಪ ಅವಳ ಜೊತೆ ಮಾತು ಬಿಟ್ಟರು. ವರ್ಷಗಟ್ಟಲೆ ಬಿಟ್ಟರು. ಮಗಳು ಊರಿಗೆ ಹತ್ತಿರವಾಗುತ್ತಿದ್ದಂತೆ ಮನಸ್ಸು ಕರಗಿತು. ಕರಗಿದ್ದಕ್ಕೆ ಫೋನು ಮಾಡಿ "ಹೆಂಗಿದ್ದೀ" ಅಂದಿದ್ದರೆ ಸಾಕಿತ್ತು. ಇವರು ಶಾಮನೂರಿನ ಹತ್ತಿರ ಹೆದ್ದಾರಿ ಪಕ್ಕ ಶಾಮಿಯಾನ ಹಾಕಿಸಿದರು.

ಅವಳು ನಿಲ್ಲದೆ ಹೋಗುವಾಗಲೇ ಕೈಗಿಡೋಣವೆಂದು ನಾನು ರೊಟ್ಟಿ ಸುತ್ತಿಕೊಂಡು ರಸ್ತೆಯಲ್ಲಿ ನಿಂತಿದ್ದೆ. ನಯನಾ ಬಂದಳು. ಕಪ್ಪಾಗಿ, ಕಡ್ಡಿಯಾಗಿ, ಗುರುತೇ ಸಿಗದ ಹಾಗಿದ್ದಳು. ಅವಳಪ್ಪ ಅಡ್ಡ ಹೋಗಿ ಹ್ಯಾಂಡಲ್ ಹಿಡಿದರು.

"ಬಾರವ್ವ, ಐದೇ ನಿಮಿಷ. ಒಂದು ಶಾಲು ಹೊದಿಸಿ ಕಳಿಸ್ತೀವಿ."

ಇಷ್ಟು ವರ್ಷಗಳ ಮೇಲೆ ಅಪ್ಪನ ಬಾಯಿಂದ ಬಂದ ಮೊದಲ ಮಾತು. ಅವಳು ಇಳಿದಳು.

ಐದು ನಿಮಿಷದಲ್ಲಿ ಮುಗಿಯುವ ಸನ್ಮಾನವನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮುಖ್ಯ ಅತಿಥಿ ಬಂದಿರಲಿಲ್ಲ. "ಸಾಹೇಬ್ರು ದಾರ್ಯಾಗೆ ಅದಾರ್ರಿ" ಎಂದು ಮೈಕಿನಲ್ಲಿ ಕೂಗುತ್ತಲೇ ಇದ್ದರು. ಭೂಮಿ ಸುತ್ತಿ ಬಂದವಳು, ಪಿ.ಜೆ. ಬಡಾವಣೆಯಿಂದ ಕಾರಿನಲ್ಲಿ ಬರಬೇಕಾದವರಿಗಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದಳು. ಆಮೇಲೆ ಪ್ರಾರ್ಥನೆ, ಸ್ವಾಗತ, ಪೇಟ, ಭಾಷಣ.

"ಅವಳನ್ನ ಬಿಡ್ರಿ, ಹೊತ್ತಾಗ್ತೈತೆ" ಎಂದು ಗಂಡನ ಕಿವಿಯಲ್ಲಿ ಗದರಿದೆ.

"ಭೂಮಿನೇ ಸುತ್ತಿದಾಳೆ, ಇದೊಂದು ಗಳಿಗೆಗೆ ಏನಾಗ್ತೈತೆ ಬಿಡು" ಎಂದರು. ಅವರ ಕಣ್ಣು ತುಂಬಿತ್ತು. ನಯನಾ ಅದನ್ನು ನೋಡಿದಳು. ಸುಮ್ಮನಿರು ಎಂದು ನನಗೆ ಸನ್ನೆ ಮಾಡಿದಳು.

ಎರಡು ಗಂಟೆ ಕೂರಿಸಿಕೊಂಡ ಮೇಲೆ ಬಿಟ್ಟರು. ಅವಳ ಬೆಂಗಾವಲಿಗಿದ್ದ ನನ್ನ ಮಗ ಬಸವಕಿರಣನ ಕಾರಿನಲ್ಲಿ ನಾನು ಹರಿಹರದ ಸೇತುವೆಯವರೆಗೆ ಹೋದೆ. ಅಲ್ಲಿ ಇಳಿದು ನೋಡಿದರೆ, ಅವಳು ಪೆಡಲ್ ಮೇಲೆ ಎದ್ದು ನಿಂತು ತುಳಿಯುತ್ತಿದ್ದಳು. ಹೋದ ಹೊತ್ತನ್ನು ಆ ಮಂಡಿಯಿಂದಲೇ ತುಂಬಿಸಿಕೊಳ್ಳಲು ಹೊರಟಿದ್ದಳು.

ಮೂರನೆಯ ದಿನ ಮುಂಬೈಯಿಂದ ಬಸವಕಿರಣನ ಫೋನು ಬಂತು. ಬರೀ ಮುಕ್ಕಾಲು ಗಂಟೆ ತಡವಾಗಿ ದಾಖಲೆ ತಪ್ಪಿತ್ತು. ನನ್ನ ಗಂಡ ಫೋನು ಕಸಿದುಕೊಂಡು ಮಗಳನ್ನು ಕರೆಸಿದರು.

"ನನ್ನಿಂದ ತಡ ಆತೇನವ್ವ?"

"ಇಲ್ಲಪ್ಪ. ಕೊಲ್ಹಾಪುರದಾಚೆ ಎದುರುಗಾಳಿ. ಅದಕ್ಕೆ ಸೋತೆ."

ಗಾಳಿ ಇರಲೇ ಇಲ್ಲವೆಂದು ಬಸವಕಿರಣ ಆಮೇಲೆ ನನಗೆ ಹೇಳಿದ. ಗಂಡನಿಗೆ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದ್ದೇನೆ. ಇವರು ಮಾತ್ರ ಅಂಗಡಿಗೆ ಬಂದವರ ಮುಂದೆಲ್ಲ ಆ ಗಾಳಿಗೆ ಶಾಪ ಹಾಕುತ್ತಾರೆ.

ನಿನ್ನೆ ನಯನಾ ಮನೆಗೆ ಬಂದಳು. ಕುಂಟುತ್ತಾ ಬಂದು ಕುಳಿತವಳ ಪಕ್ಕ ಇವರೂ ಕುಳಿತರು.

"ಮುಂದಿನ ಸಲ ಗಾಳಿ ಇಲ್ಲದ ತಿಂಗ್ಳು ನೋಡ್ಕೊಂಡು ಹೊರಡವ್ವ. ಮುಂಬೈಯಾಗೆ ನಾನೇ ಬಂದು ನಿಂತಿರ್ತೀನಿ."

"ಹೂಂ ಅಪ್ಪ" ಎಂದಳು.

ನಾನು ಅಡುಗೆಮನೆಗೆ ಹೋಗಿ ಅತ್ತೆ.