ಲಾಳಿ ನಿಂತ ಹೊತ್ತು

ಕರೆಂಟು ಹೋಯಿತು, ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದವು, ಕಿವಿಯೊಳಗೆ ಮಾತ್ರ ಖಟಖಟ ಇನ್ನೂ ಓಡುತ್ತಿದೆ, ಚೌಡೇಶ್ವರಿಯ ಲಾಳಿ ಹಾಸಿನ ಎಳೆಗಳ ನಟ್ಟನಡುವೆ ನಿಂತುಬಿಟ್ಟಿದೆ — ಮೊದ್ಲು ಅದನ್ನ ಈಚೆಗೆ ತೆಗಿ, ಕರೆಂಟ್ ಬಂದ್ರೆ ಎಳೆಯೆಲ್ಲ ಹರಿದೋಗ್ತದೆ ಕಣೇ, ಮದುವೆಯಾದ ಹೊಸದರಲ್ಲಿ ರಜೆಗೆ ಬಂದಿದ್ದ ಗಂಡ ನಂದಕುಮಾರ ಹೇಳಿಕೊಟ್ಟದ್ದು, ಬಂದೂಕು ಹಿಡಿದ ಬೆರಳು ಎಳೆ ಹಿಡಿದಾಗ ಎಷ್ಟು ಮೆತ್ತಗೆ, ತೆಗೆಯಬೇಕು, ಸೀರೆಗೆ ಇನ್ನು ಸೆರಗಷ್ಟೇ ಬಾಕಿ, ಮಗ್ಗಕ್ಕೇರಿಸಿದ ಹೊಸ ಹಾಸಿನ ನೂಲಿಗೆ ಅರಿಸಿನ ಕುಂಕುಮ ಇಟ್ಟು ಮೊದಲ ಲಾಳಿ ಹಾಯಿಸುವುದು ಈ ಮನೆಯಲ್ಲಿ ಗಂಡಸಿನ ಕೈ, ಮೇ ತಿಂಗಳಿಗೆ ಸೈನ್ಯದಲ್ಲಿ ಅವನ ಹದಿನೈದು ವರ್ಷ ಮುಗಿಯುತ್ತದೆ, ಬಂದು ಅವನೇ ಹಾಯಿಸಲಿ ಎಂದು ಮಗ್ಗ ನಿಲ್ಲಿಸಿಕೊಂಡಿದ್ದಳು, ಆಮೇಲೆ ಎಸ್‌ಟಿಡಿ ಬೂತಿಗೆ ಅವನ ಫೋನು — ಕಾರ್ಗಿಲ್ ಕಡೆ ಗಲಾಟೆ ಕಣೇ, ಬಿಡುಗಡೆ ನಿಲ್ಸವ್ರೆ, ಸರ್ವಿಸ್ ಮುಗ್ದೋರ್ನೂ ಬಿಡ್ತಿಲ್ಲ. ಎಷ್ಟು ದಿನ ರೀ. ಗೊತ್ತಿಲ್ಲ. ಮಗ್ಗದ ಸದ್ದು ಕೇಳ್ಸು ಎಂದ, ರಿಸೀವರನ್ನು ಬೀದಿಯ ಕಡೆ ಹಿಡಿದಳು, ನಮ್ಮನೇದು ಕೇಳ್ತಿಲ್ವಲ್ಲೇ. ಅದು ನಿಂತದೆ, ನೀವು ಬಂದ್ಮೇಲೆ. ಕಾಯ್ಬೇಡ, ನೀನೇ ಹಾಯ್ಸು, ಸೀರೆ ಮಗ್ಗದಿಂದ ಇಳಿಯೋ ಹೊತ್ಗೆ ಬಂದ್ಬಿಡ್ತೀನಿ — ಅವಳೇ ಹಾಯಿಸಿದಳು, ಸೀರೆ ಇಳಿದರೆ ಬರುತ್ತಾನೆ ಎಂದು ಊಟ ಮರೆತು ನೇಯ್ದಳು, ಪಕ್ಕದ ಮನೆ ಭಾಗ್ಯಕ್ಕ ನಗುತ್ತಿದ್ದಳು, ನಿಧಾನ ಕಣೇ ಚೌಡೀ, ನೀನು ಮಗ್ಗ ಓಡ್ಸಿದ್ರೆ ಅವ್ನ ರೈಲೂ ಓಡ್ತದಾ. ಈಗ ಸದ್ದಿಲ್ಲದ್ದಕ್ಕೆ ಜಗುಲಿಯ ಮಾತು ಒಳಗೆ ಬರುತ್ತಿದೆ, ಮಗ್ಗ ಓಡುವಾಗ ಜೀಪು ಬಂದದ್ದು ಕೇಳಿಸಿರಲೇ ಇಲ್ಲ, ಬಾಗಿಲ ಸಂದಿನಲ್ಲಿ ಹಸಿರು ಬಟ್ಟೆಯ ಇಬ್ಬರು, ಟೋಪಿ ಕೈಯಲ್ಲಿ, ನಂದಕುಮಾರ್ ಅವರ ತಂದೆ ನೀವೇನಾ, ಮಾವ ಪಾಪಯ್ಯ ಹೂಂ ಎಂದರು, ಕೂತ್ಕೊಳ್ಳಿ ಯಜಮಾನ್ರೇ, ನಮ್ಮ ಜಗುಲಿಯ ಮೇಲೆ ನಮಗೇ ಕೂತ್ಕೊಳ್ಳಿ ಅನ್ನುತ್ತಾರಲ್ಲ, ಯಾಕೆ — ಆಮೇಲೆ ಮೆಲ್ಲಗೆ ಏನೋ, ಮೊನ್ನೆ ಬೆಳಿಗ್ಗೆ, ಗುಂಡು, ಜಾಗದಲ್ಲೇ, ನಾಳೆ ಕರ್ಕೊಂಡ್ ಬರ್ತೀವಿ — ಮಾವನ ದನಿ ಏರಲೇ ಇಲ್ಲ, ಸಾಮಿ, ಮೇ ತಿಂಗಳಿಗೇ ಅವ್ನು ನಿಮ್ಮೋನಲ್ಲ, ನಮ್ಮೋನಾಗೋಗಿದ್ದ. ಟೋಪಿಯೊಂದು ಕೈಯಿಂದ ಕೈಗೆ ಹೋಯಿತು, ಲಾಳಿ ತೆಗೆಯಬೇಕು, ಕರೆಂಟು ಬರುವುದರೊಳಗೆ, ಕೈ ಚಾಚಿದ್ದಾಳೆ, ಹೋಗುತ್ತಿಲ್ಲ, ತೆಗೆದರೆ ಸೆರಗು ಮುಗಿಯುತ್ತದೆ, ಮುಗಿದರೆ ಸೀರೆ ಇಳಿಯುತ್ತದೆ, ಇಳಿದರೆ — ಮೇಲಿನ ಬೀದಿಗೆ ಕರೆಂಟು ಬಂತು, ಅಲ್ಲಿ ಒಂದು ಮಗ್ಗ, ಇನ್ನೊಂದು, ಲಾಳಿ, ಎಳೆಗಳ ನಡುವೆ, ಅತ್ತ ಹೋಗದೆ, ಇತ್ತ ಬಾರದೆ, ಲಾಳಿ